ಚಮಕಿ ಗುಂಡಿಗೆ ಯಾವ ಥರ್ಮಕೋಲ್ ಬಾಲ್ ತರಬೇಕು?

ಕ್ರಿಸ್ಮಸ್ ಟ್ರೀಗೆ ತೂಗುಹಾಕುವ ಚಮಕಿ ಗುಂಡುಗಳನ್ನು ಮನೆಯಲ್ಲೇ ಮಾಡಬೇಕು ಅನ್ನುವವರಿಗೆ ನಾನು ಮೊದಲು ಹೇಳುವುದು ಇಷ್ಟೇ. ದುಡ್ಡನ್ನು ಬಾಲ್‌ಗೆ ಮತ್ತು ಗುಂಡುಸೂಜಿಗೆ ಹಾಕಿ. ಹೊಳೆಯುವ ಸಾಮಾನಿಗೆ ಜಾಸ್ತಿ ಖರ್ಚು ಮಾಡಬೇಡಿ. ಚಮಕಿ ಎಲ್ಲಿ ತಂದರೂ ಹೊಳೆಯುತ್ತದೆ. ಒಳಗಿನ ಥರ್ಮಕೋಲ್ ಬಾಲ್ ಕಳಪೆ ಆಗಿದ್ದರೆ ಎಷ್ಟು ಚೆಂದ ಚುಚ್ಚಿದರೂ ದಂಡ.

ನಾನು ಈಗ ಕಣ್ಣು ಮುಚ್ಚಿಕೊಂಡು ತರುವುದು ಫ್ಲೋರಾಕ್ರಾಫ್ಟ್ ಕಂಪನಿಯ ನುಣುಪು ಬಾಲ್. ಎರಡೂವರೆ ಇಂಚಿನ ಆಸುಪಾಸಿನ ಅಳತೆಯದು. ಅದರ ಮೇಲೆ ಏನೇನು ಮಾಡಿದೆ, ಯಾವುದು ನಿಂತಿತು, ಯಾವುದು ಉದುರಿತು, ಓಲೆ-ಸರ ಮಾಡುವುದಕ್ಕೆ ಆಗುತ್ತದಾ ಇಲ್ಲವಾ, ಎಲ್ಲಾ ಬರೆಯುತ್ತೇನೆ.

ನಮ್ಮ ಮನೆ ಇರುವುದು ಅಮೆರಿಕದ ಮಿಶಿಗನ್ ರಾಜ್ಯದ ಕ್ಯಾಂಟನ್‌ನಲ್ಲಿ, ಡೆಟ್ರಾಯಿಟ್‌ಗೂ ಆನ್ ಆರ್ಬರ್‌ಗೂ ನಡುವೆ. ಹುಟ್ಟಿ ಬೆಳೆದದ್ದು ಮೈಸೂರು. ದಸರಾ ಗೊಂಬೆ ಕೂರಿಸುವ ಮನೆಯವಳಾದ್ದರಿಂದ ಮಣಿ, ಜರಿ, ಚಮಕಿ ಕೈಗೆ ಹೊಸದಲ್ಲ. ಇಲ್ಲಿ ಗೊಂಬೆ ಎತ್ತಿಟ್ಟು, ದೀಪಾವಳಿ ಮುಗಿಸುವ ಹೊತ್ತಿಗೆ ಚಳಿ ಶುರು. ಡಿಸೆಂಬರ್‌ನಲ್ಲಿ ಸಂಜೆ ಐದಕ್ಕೆಲ್ಲ ಸೂರ್ಯ ಮುಳುಗಿಬಿಡುತ್ತಾನೆ. ಮಕ್ಕಳಿಗೆ ಟ್ರೀ ಬೇಕು. ಶಾಲೆಯ ಟೀಚರ್‌ಗೆ ಏನಾದರೂ ಕೈಯಾರೆ ಮಾಡಿಕೊಡಬೇಕು. ಆಫೀಸಿನಲ್ಲಿ ಉಡುಗೊರೆ ಕೊಟ್ಟು ತೆಗೆದುಕೊಳ್ಳುವುದು ಬೇರೆ. ಆ ಉದ್ದನೆಯ ಸಂಜೆಗಳಲ್ಲಿ ನಮ್ಮ ಊಟದ ಮೇಜಿನ ಮೇಲೆ ನಡೆಯುವ ಕೆಲಸ ಇದೇ.

ನಾವು ಥರ್ಮಕೋಲ್ ಅನ್ನುವ ಈ ಬಿಳಿ ಫೋಮಿಗೆ ಮಿಶಿಗನ್ ತವರುಮನೆ ಇದ್ದಂತೆ. ನಮ್ಮಿಂದ ಉತ್ತರಕ್ಕೆ ಎರಡು ಗಂಟೆಯೊಳಗೆ ಮಿಡ್‌ಲ್ಯಾಂಡ್ ಸಿಗುತ್ತದೆ. ಅದು ಡೌ ಕೆಮಿಕಲ್ ಕಂಪನಿಯ ಊರು. 1940ರ ದಶಕದಲ್ಲಿ ಅಲ್ಲಿನ ವಿಜ್ಞಾನಿ ರೇ ಮೆಕಿಂಟೈರ್ ವಿದ್ಯುತ್ ತಂತಿಗೆ ಹೊದಿಸುವಂಥ, ಬಗ್ಗುವ ಒಂದು ಪದಾರ್ಥ ಹುಡುಕುತ್ತಿದ್ದರು. ಕೈಗೆ ಸಿಕ್ಕಿದ್ದು ಗಾಳಿ ತುಂಬಿಕೊಂಡು ಉಬ್ಬಿದ, ಪಾಲಿಸ್ಟೈರೀನ್ ಅನ್ನುವ ಹಗುರ ಪ್ಲಾಸ್ಟಿಕ್. ಸ್ಟೈರೋಫೋಮ್ ಅನ್ನುವ ಹೆಸರು ಅದರದೇ. ನೀರಿನಲ್ಲಿ ಮುಳುಗುವುದಿಲ್ಲ ಅಂತ 1942ರಲ್ಲಿ ಅಮೆರಿಕದ ಕೋಸ್ಟ್ ಗಾರ್ಡ್ ಅದನ್ನು ಆರು ಜನ ಕೂರುವ ತೆಪ್ಪಕ್ಕೆ ಬಳಸಿತು. ಹೂವಿನ ಅಲಂಕಾರ, ಕರಕುಶಲದ ಕಡೆಗೆ ಬಂದದ್ದು ಆಮೇಲೆ. ಫ್ಲೋರಾಕ್ರಾಫ್ಟ್ ಕೂಡ ಇದೇ ರಾಜ್ಯದ್ದು, ಲೇಕ್ ಮಿಶಿಗನ್ ದಡದ ಲಡಿಂಗ್ಟನ್ ಊರಿನದು. 1946ರಿಂದ ಇದೆ.

ಮಿಡ್‌ಲ್ಯಾಂಡ್ ಕಡೆ ಹೋಗುವವರು ಫ್ರಾಂಕನ್‌ಮತ್ ಊರಿನಲ್ಲಿ ಬ್ರಾನರ್ಸ್ ಅಂಗಡಿಗೆ ಹೋಗಲೇಬೇಕು. ವರ್ಷವಿಡೀ ಕ್ರಿಸ್ಮಸ್ ಸಾಮಾನನ್ನೇ ಮಾರುವ ಭಾರಿ ಅಂಗಡಿ. ಥ್ಯಾಂಕ್ಸ್‌ಗಿವಿಂಗ್, ಕ್ರಿಸ್ಮಸ್, ಹೊಸ ವರ್ಷ, ಈಸ್ಟರ್ ಬಿಟ್ಟರೆ ಮಿಕ್ಕ 361 ದಿನವೂ ಬಾಗಿಲು ತೆಗೆದಿರುತ್ತದೆ. ನಾನು ಅಲ್ಲಿಗೆ ಹೋಗುವುದು ಬಣ್ಣ ನೋಡುವುದಕ್ಕೆ. ಯಾವ ಕೆಂಪಿನ ಪಕ್ಕ ಯಾವ ಚಿನ್ನದ ಬಣ್ಣ ಇಟ್ಟಿದ್ದಾರೆ, ಗಾಜಿನ ಗುಂಡಿನ ಮೇಲೆ ಬೆಳ್ಳಿ ಗೆರೆ ಎಷ್ಟು ದಪ್ಪ ಎಳೆದಿದ್ದಾರೆ ಅಂತ ನಿಧಾನಕ್ಕೆ ನೋಡಿಕೊಂಡು ಬರುತ್ತೇನೆ. ಮನೆಗೆ ಬಂದು ಅದೇ ಜೋಡಿ ಬಣ್ಣವನ್ನು ಚಮಕಿಯಲ್ಲಿ ಹುಡುಕುತ್ತೇನೆ.

ಈಗ ಬಾಲ್ ವಿಷಯಕ್ಕೆ ಬರೋಣ.

ಅಂಗಡಿಯ ಸಾಲಿನಲ್ಲಿ ಎರಡು ಬಗೆ ಇರುತ್ತವೆ. ಒಂದು ಒರಟು. ಮೈಯೆಲ್ಲ ಸಣ್ಣ ಸಣ್ಣ ತೂತು, ಬೆಳಕಿಗೆ ಹಿಡಿದರೆ ಸಕ್ಕರೆ ಹರಳಿನ ಥರ ಮಿನುಗುತ್ತದೆ. ಉಗುರು ತಾಗಿದರೆ ಕರಕರ ಅನ್ನುತ್ತದೆ, ಪುಡಿ ಉದುರುತ್ತದೆ. ಇನ್ನೊಂದು ನುಣುಪು. ಟಿವಿ ಡಬ್ಬದೊಳಗೆ ಬರುವ ಥರ್ಮಕೋಲ್ ಇದೆಯಲ್ಲ, ಅದೇ ಜಾತಿ. ಸಣ್ಣ ಪಾಲಿಸ್ಟೈರೀನ್ ಕಾಳುಗಳನ್ನು ಹಬೆ ಕೊಟ್ಟು ಉಬ್ಬಿಸುತ್ತಾರೆ. ಉಬ್ಬಿದ ಕಾಳನ್ನು ಅಚ್ಚಿಗೆ ತುಂಬಿ, ಮತ್ತೆ ಹಬೆ ಕೊಟ್ಟು ಒಂದಕ್ಕೊಂದು ಅಂಟುವಂತೆ ಮಾಡುತ್ತಾರೆ. ಹೆಚ್ಚುಕಡಿಮೆ ಎಲ್ಲಾ ಗಾಳಿಯೇ, ಪ್ಲಾಸ್ಟಿಕ್ ಇರುವುದು ಶೇಕಡಾ ಎರಡೋ ಮೂರೋ ಅಷ್ಟೇ.

ಒರಟು ಬಾಲ್‌ಗೆ ಸೂಜಿ ಸುಲಭವಾಗಿ ಹೋಗುತ್ತದೆ. ಮಕ್ಕಳ ಬೆರಳಿಗೂ ನೋವಿಲ್ಲ. ಆದರೆ ಒಂದು ಸಲ ಚುಚ್ಚಿದ್ದನ್ನು ತೆಗೆದು ಮತ್ತೆ ಅಲ್ಲೇ ಚುಚ್ಚಿದರೆ ಹಿಡಿತ ಹೋಯಿತು, ಸೂಜಿ ಜಾರಿ ಬರುತ್ತದೆ. ಚಮಕಿ ಸಾಲು ಸೊಟ್ಟಗಾದಾಗ ಬಿಚ್ಚಿ ಸರಿಮಾಡುವುದು ಇದ್ದೇ ಇರುತ್ತದೆ, ಅಲ್ವಾ? ನುಣುಪು ಬಾಲ್ ಸ್ವಲ್ಪ ಬಿಗಿ. ಮೊದಲ ಒತ್ತಿಗೆ ಹೆಬ್ಬೆರಳು ಕೆಂಪಾಗುತ್ತದೆ. ಒಳಗೆ ಹೋದ ಮೇಲೆ ಮಾತ್ರ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಎರಡು ಸಲ ತೆಗೆದು ಹಾಕಿದರೂ ನಿಲ್ಲುತ್ತದೆ. ಬಣ್ಣ ಬಳಿಯುವುದಿದ್ದರಂತೂ ನುಣುಪೇ ಸರಿ. ಒರಟು ಬಾಲ್ ಬಣ್ಣವನ್ನೆಲ್ಲ ಕುಡಿದುಬಿಡುತ್ತದೆ, ಆದರೂ ತೂತುಗಳು ಬೆಳ್ಳಗೆ ಕಾಣುತ್ತಲೇ ಇರುತ್ತವೆ.

ನುಣುಪು ಬಾಲ್ ಅಂದರೆ ಎಲ್ಲವೂ ಒಂದೇ ಅಲ್ಲ. ಕೊಳ್ಳುವಾಗ ಹೆಬ್ಬೆರಳಿನಿಂದ ಮೆತ್ತಗೆ ಒತ್ತಿ ನೋಡಿ. ಒಳ್ಳೆಯ ಬಾಲ್ ಒತ್ತಿಸಿಕೊಂಡು ವಾಪಸ್ ಬರುತ್ತದೆ. ಕಳಪೆಯದರಲ್ಲಿ ಗುಳಿ ಹಾಗೇ ಉಳಿಯುತ್ತದೆ. ಆಮೇಲೆ ಸುತ್ತ ತಿರುಗಿಸಿ ನಡುವಿನ ಗೆರೆ ನೋಡಿ. ಅಚ್ಚಿನ ಎರಡು ಹೋಳು ಸೇರುವ ಕಡೆ ಒಂದು ತೆಳು ಗೆರೆ ಇದ್ದೇ ಇರುತ್ತದೆ. ಗೆರೆಯ ಮೇಲೆ ಉಗುರು ಎಳೆದಾಗ ಮೆಟ್ಟಿಲು ಹತ್ತಿ ಇಳಿದ ಹಾಗೆ ತಟ್ಟಿದರೆ ಆ ಹೋಳುಗಳು ಸರಿಯಾಗಿ ಕೂತಿಲ್ಲ ಅಂತ ಅರ್ಥ. ಆ ಬಾಲ್ ಮೊಟ್ಟೆ ಆಕಾರಕ್ಕೆ ಹೋಗಿರುತ್ತದೆ. ಚಮಕಿ ಸಾಲು ಮೇಲಿಂದ ಕೆಳಗೆ ಬರುವಾಗ ಒಂದು ಕಡೆ ಅರ್ಧ ಸಾಲು ಜಾಸ್ತಿ ಆಗುತ್ತದೆ, ಇನ್ನೊಂದು ಕಡೆ ಕಮ್ಮಿ.

ಫ್ಲೋರಾಕ್ರಾಫ್ಟ್ ಬಾಲ್‌ನಲ್ಲಿ ಈ ಗೆರೆ ನನಗೆ ಉಪಕಾರವನ್ನೇ ಮಾಡಿದೆ. ಸಮವಾಗಿ ನಡುವಿನಲ್ಲೇ ಇರುವುದರಿಂದ ಅಳತೆ ಪಟ್ಟಿ ಬೇಕಾಗಿಲ್ಲ. ಗೆರೆಯ ಮೇಲೆ ಮೊದಲ ಸಾಲು ಚುಚ್ಚಿ, ಅಲ್ಲಿಂದ ಮೇಲಕ್ಕೂ ಕೆಳಕ್ಕೂ ಹೋಗುತ್ತೇನೆ. ನಿಲುವು ಗೆರೆ ಬೇಕಿದ್ದರೆ ಎರಡು ರಬ್ಬರ್ ಬ್ಯಾಂಡ್ ಅಡ್ಡ-ಉದ್ದ ಹಾಕಿದರೆ ನಾಲ್ಕು ಭಾಗ ಆಯಿತು. ಪೆನ್ಸಿಲ್ ಗುರುತು ಮಾಡಬೇಡಿ, ಬಿಳಿ ಚಮಕಿಯ ಅಡಿಯಿಂದ ಬೂದಿ ಬಣ್ಣ ಇಣುಕುತ್ತದೆ.

ಆನ್‌ಲೈನಿನಲ್ಲಿ ಎಲ್ಲಾ ಸೇರಿಸಿ ಕಿಟ್ ಅಂತ ಮಾರುತ್ತಾರೆ. ಬಾಲ್, ಚಮಕಿ, ಮಣಿ, ಸೂಜಿ, ರಿಬ್ಬನ್, ಒಂದು ಚೀಟಿಯಲ್ಲಿ ಮಾಡುವ ವಿಧಾನ. ನೋಡುವುದಕ್ಕೆ ಅಗ್ಗ, ಇಪ್ಪತ್ತು ಡಾಲರಿನ ಆಸುಪಾಸು. ನಾನು ತರಿಸಿದ ಒಂದರ ಕಥೆ ಕೇಳಿ. ಚಿತ್ರದಲ್ಲಿ ದೊಡ್ಡ ಗುಂಡು, ಡಬ್ಬದಲ್ಲಿ ಅದರ ಅರ್ಧದಷ್ಟು. ಬಾಲ್ ಎಷ್ಟು ಸಡಿಲ ಅಂದರೆ ಮಗಳು ಕೈಯಲ್ಲಿ ಹಿಡಿದು ಚುಚ್ಚುವಾಗಲೇ ಬೆರಳಿನ ಗುಳಿ ಬಿತ್ತು. ಚಮಕಿಯ ಕೆಂಪು ಬಣ್ಣ ಬೆವರು ಕೈಗೆ ಅಂಟಿತು. ಸೂಜಿ ಅಂತೂ ಗುಂಡಿಗೆ ಸಾಲುವಷ್ಟು ಇರಲೇ ಇಲ್ಲ, ಕೊನೆಗೆ ಟೈಲರಿಂಗ್ ಡಬ್ಬದಿಂದ ತೆಗೆದು ಮುಗಿಸಿದೆವು. ಮಾರಿದವರಿಗೆ ಬರೆದೆ, ಉತ್ತರ ಬರಲಿಲ್ಲ. ಕಿಟ್ ಕೊಳ್ಳುವುದೇ ಇದ್ದರೆ ಸೂಜಿ ಎಷ್ಟು, ಬಾಲ್ ಅಳತೆ ಎಷ್ಟು ಅಂತ ಅಂಕಿಯಲ್ಲಿ ಬರೆದಿರುವುದನ್ನು ಮಾತ್ರ ಕೊಳ್ಳಿ. ಬಿಡಿಯಾಗಿ ತಂದರೆ ಅದೇ ದುಡ್ಡಿಗೆ ಒಳ್ಳೆಯ ಮಾಲು ಸಿಗುತ್ತದೆ.

ಸೂಜಿ ಲೆಕ್ಕ ಯಾಕೆ ಮುಖ್ಯ ಅಂತ ಹೇಳುತ್ತೇನೆ. ಎರಡೂವರೆ ಇಂಚಿನ ಬಾಲ್ ಪೂರ್ತಿ ಮುಚ್ಚಬೇಕಾದರೆ, ಎಂಟು ಮಿಲಿಮೀಟರಿನ ಚಮಕಿಯನ್ನು ಒಂದರ ಮೇಲೊಂದು ಸ್ವಲ್ಪ ಹತ್ತಿಸಿಕೊಂಡು ಹೋದರೆ, ಸುಮಾರು ನಾನೂರು ಚಮಕಿ ಬೇಕು. ನಾನೂರು ಚಮಕಿಗೆ ನಾನೂರು ಮಣಿ, ನಾನೂರು ಸೂಜಿ. ಮೂರು ಇಂಚಿನದಕ್ಕೆ ಹೋದರೆ ಆರುನೂರರ ಹತ್ತಿರ. ಅರ್ಧ ಇಂಚು ಜಾಸ್ತಿ ಅಷ್ಟೇ ಅಂತ ಅನ್ನಿಸುತ್ತದೆ, ಕೆಲಸ ಒಂದೂವರೆ ಪಾಲು ಆಗುತ್ತದೆ. ಮೊದಲ ಸಲ ಮಾಡುವವರು ಎರಡು ಇಂಚಿನಿಂದ ಶುರುಮಾಡಿ.

ಸೂಜಿಯ ಉದ್ದವನ್ನೂ ನೋಡಿ. ಚಮಕಿಗೆ ಅಂತಲೇ ಅರ್ಧ ಇಂಚಿನ ಸಣ್ಣ ಗುಂಡುಸೂಜಿ ಬರುತ್ತವೆ, ಮುಕ್ಕಾಲು ಇಂಚಿನವೂ ಸಿಗುತ್ತವೆ. ಎರಡು ಇಂಚು, ಅದಕ್ಕಿಂತ ದೊಡ್ಡ ಬಾಲ್‌ಗೆ ಯಾವುದಾದರೂ ಸರಿ. ಒಂದು ಇಂಚಿನ ಬಾಲ್‌ಗೆ ಮಾತ್ರ ಅರ್ಧ ಇಂಚಿನ ಸೂಜಿಯೂ ಉದ್ದವೇ. ಸುತ್ತಲಿಂದ ಬಂದ ಸೂಜಿಗಳ ತುದಿ ಎಲ್ಲಾ ನಡುಮಧ್ಯದಲ್ಲಿ ಒಂದಕ್ಕೊಂದು ತಾಗುತ್ತವೆ. ಅರ್ಧ ಮುಗಿಯುವಷ್ಟರಲ್ಲಿ ಹೊಸ ಸೂಜಿ ಒಳಗೆ ಹೋಗುವುದೇ ಇಲ್ಲ, ತಲೆ ಹೊರಗೆ ನಿಂತುಬಿಡುತ್ತದೆ. ಅಂಥ ಸಣ್ಣ ಗುಂಡಿಗೆ ಚಮಕಿಯನ್ನು ಗಮ್ಮಿನಲ್ಲಿ ಅಂಟಿಸುವುದೇ ಮೇಲು.

ಸೂಜಿಯ ತಲೆ ಚಮಕಿಯ ತೂತಿಗಿಂತ ದಪ್ಪ ಇರಬೇಕು. ಇಲ್ಲವಾದರೆ ನಡುವೆ ಒಂದು ಸಣ್ಣ ಗಾಜಿನ ಮಣಿ ಪೋಣಿಸಿಕೊಳ್ಳಬೇಕು. ನಾನಂತೂ ಮಣಿ ಬಿಡುವುದಿಲ್ಲ. ಮಣಿ ಇಲ್ಲದ ಗುಂಡು ಚಪ್ಪಟೆಯಾಗಿ ಕಾಣುತ್ತದೆ, ಹತ್ತಿರದಿಂದ ನೋಡಿದರೆ ಬರೀ ಸೂಜಿ ತಲೆಗಳು.

ಈ ಕೆಲಸದಲ್ಲಿ ನನ್ನ ಅತ್ತೆಯದು ಎತ್ತಿದ ಕೈ. ಚಳಿಗಾಲಕ್ಕೆ ನಮ್ಮಲ್ಲಿಗೆ ಬಂದಿದ್ದರು. ಮನೆಯೊಳಗೇ ಕೂತು ಬೇಜಾರಾಗುತ್ತದೆ ಅಂತ ಒಂದು ಬಾಲ್ ಕೈಗೆ ಕೊಟ್ಟೆ. ನಾನು ಮೊದಲು ಚಮಕಿ, ಆಮೇಲೆ ಮಣಿ ಅಂತ ತೋರಿಸಿದ್ದಕ್ಕೆ, "ಸೂಜಿ ತಲೆ ಮೇಲೆ ಇರುತ್ತಲ್ಲಮ್ಮ, ಮಣಿ ಮೊದಲು ಹೋಗಬೇಕು, ಆಮೇಲೆ ಚಮಕಿ. ಕನಕಾಂಬರ ಕಟ್ಟೋ ಕೈಗೆ ಇದೇನು ಕಷ್ಟ, ಕೊಡು ಇಲ್ಲಿ" ಅಂದರು. ಸರಿಯಾಗಿಯೇ ಇತ್ತು. ಒಂದು ತಟ್ಟೆಯಲ್ಲಿ ಮಣಿ ಹರಡಿಕೊಂಡು, ಸೂಜಿಯ ತುದಿಯಿಂದಲೇ ಮಣಿ ಎತ್ತಿ, ಅದೇ ತುದಿಯಿಂದ ಚಮಕಿ ಎತ್ತಿ, ನೇರ ಬಾಲ್‌ಗೆ ಚುಚ್ಚಿಬಿಡುತ್ತಿದ್ದರು. ಬೆರಳಿನಿಂದ ಚಮಕಿ ಹಿಡಿಯುವ ಮಾತೇ ಇಲ್ಲ. ಈಗ ನಾವೆಲ್ಲರೂ ಹಾಗೇ ಮಾಡುವುದು. ತಟ್ಟೆಯ ತಳಕ್ಕೆ ಒಂದು ತುಂಡು ವೆಲ್ವೆಟ್ ಬಟ್ಟೆ ಹಾಸಿದರೆ ಮಣಿ ಓಡಾಡುವುದಿಲ್ಲ.

ಚಮಕಿಯಲ್ಲಿ ಚಪ್ಪಟೆ ಇದೆ, ಬಟ್ಟಲಿನಂತೆ ಗುಳಿಬಿದ್ದದ್ದು ಇದೆ. ಗುಂಡಿಗೆ ಗುಳಿಯದ್ದೇ ತನ್ನಿ. ಅದರ ಒಳಮೈಯಲ್ಲಿ ಸಣ್ಣ ಸಣ್ಣ ಮುಖಗಳಿರುತ್ತವೆ. ಗುಳಿ ಹೊರಗೆ ಬರುವಂತೆ ಚುಚ್ಚಿದರೆ ಒಂದೊಂದು ಮುಖಕ್ಕೂ ಬೆಳಕು ಒಂದೊಂದು ದಿಕ್ಕಿಗೆ ಹೊಡೆಯುತ್ತದೆ. ಗುಂಡು ದಾರದಲ್ಲಿ ಮೆಲ್ಲಗೆ ತಿರುಗುತ್ತಾ ಇರುತ್ತದಲ್ಲ, ಆಗ ಒಂದು ಸಾಲು ಆರಿ ಪಕ್ಕದ ಸಾಲು ಹತ್ತಿಕೊಳ್ಳುತ್ತದೆ. ಟ್ರೀಗೆ ಹಳದಿ ಛಾಯೆಯ ಎಲ್‌ಇಡಿ ಸರ ಹಾಕಿದರೆ ಚಿನ್ನ, ತಾಮ್ರ, ಕೆಂಪು ಚಮಕಿ ಎದ್ದು ಬರುತ್ತವೆ. ಬೆಳ್ಳಿ, ನೀಲಿ ಚಮಕಿಗೆ ಬಿಳಿ ಸರವೇ ಚೆಂದ. ಎರಡೂ ಬೆರೆಸಿದರೆ ಯಾವುದೂ ಸರಿಯಾಗಿ ಕಾಣುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಇವು ಎಷ್ಟು ವರ್ಷ ಬಾಳುತ್ತವೆ ಅಂತ ಕೇಳುವವರಿಗೆ ಪಕ್ಕದ ಮನೆಯ ಅಜ್ಜಿಯ ಗುಂಡುಗಳನ್ನೇ ಉದಾಹರಣೆ ಕೊಡುತ್ತೇನೆ. 1960-70ರ ದಶಕಗಳಲ್ಲಿ ಅಮೆರಿಕದಲ್ಲಿ ಈ ಚಮಕಿ ಗುಂಡಿನ ಕಿಟ್‌ಗಳು ಮನೆಮನೆಯಲ್ಲಿ ಇರುತ್ತಿದ್ದವು. ವಾಲ್ಕೋ, ಲೀವರ್ಡ್ಸ್ ಅಂತೆಲ್ಲ ಕಂಪನಿಗಳು ಮಾರುತ್ತಿದ್ದವು. ಅಜ್ಜಿ ಆಗ ಮಾಡಿದ್ದನ್ನು ಮೊಟ್ಟೆ ಇಡುವ ರಟ್ಟಿನ ಟ್ರೇಯಲ್ಲಿ ಇಟ್ಟುಕೊಂಡಿದ್ದಾರೆ. ಒಂದನ್ನು ನನ್ನ ಕೈಗೆ ಕೊಟ್ಟರು. ನೇರಳೆ ಬಣ್ಣದ ನುಣುಪು ದಾರ ಸುತ್ತಿದ ಬಾಲ್, ಅದರ ಮೇಲೆ ಮುತ್ತಿನ ತೋರಣ, ಸೊಂಟದ ಸುತ್ತ ಚಿನ್ನದ ಜರಿಪಟ್ಟಿ. ಮುತ್ತಿನ ಹೊರಮೈ ಅಲ್ಲಲ್ಲಿ ಸುಲಿದು ಒಳಗಿನ ಬಿಳಿ ಪ್ಲಾಸ್ಟಿಕ್ ಕಾಣುತ್ತಿತ್ತು. ಕೆಲವು ಸೂಜಿ ತಲೆಯ ಸುತ್ತ ತುಕ್ಕಿನ ಕಂದು ಉಂಗುರ. ಆದರೆ ಒಂದು ಚಮಕಿಯೂ ಬಿದ್ದಿರಲಿಲ್ಲ. ತಲೆಕೆಳಗಾಗಿ ಹಿಡಿದು ಅಲ್ಲಾಡಿಸಿದರೂ ಏನೂ ಸದ್ದಿಲ್ಲ. ಗಮ್ಮು ಮುಟ್ಟಿಸದೆ ಬರೀ ಸೂಜಿಯಲ್ಲಿ ನಿಂತ ಕೆಲಸ ಅದು. ಬೇಸ್‌ಮೆಂಟಿನ ತೇವದಲ್ಲಿ ಇಟ್ಟಿದ್ದಕ್ಕೆ ತುಕ್ಕು ಬಂತು ಅಂತ ಅವರೇ ಹೇಳಿದರು. ಆದ್ದರಿಂದ ನಿಕಲ್ ಲೇಪದ ಸೂಜಿ ತನ್ನಿ, ಇಡುವುದು ಒಣ ಜಾಗದಲ್ಲಿ ಇಡಿ.

ಪುಡಿ ಗ್ಲಿಟರ್ ಬಗ್ಗೆ ಖಡಾಖಂಡಿತ ಹೇಳುತ್ತೇನೆ: ತರಬೇಡಿ. ಬಾಲ್‌ಗೆ ಗಮ್ಮು ಬಳಿದು ಗ್ಲಿಟರಿನಲ್ಲಿ ಹೊರಳಿಸುವುದು ಹತ್ತು ನಿಮಿಷದ ಕೆಲಸ, ನಿಜ. ಮಕ್ಕಳಿಗೂ ಇಷ್ಟ. ಆದರೆ ಅದು ತೆಳು ಪ್ಲಾಸ್ಟಿಕ್ ಹಾಳೆಗೆ ಲೋಹದ ಲೇಪ ಕೊಟ್ಟು ಕತ್ತರಿಸಿದ ಚೂರು. ಸಂಕ್ರಾಂತಿ ಕಳೆದರೂ ಕಾರ್ಪೆಟ್‌ನಲ್ಲಿ, ಮಕ್ಕಳ ತಲೆಗೂದಲಲ್ಲಿ, ಅನ್ನದ ತಟ್ಟೆಯಲ್ಲಿ ಸಿಗುತ್ತಲೇ ಇರುತ್ತದೆ. ತೊಳೆದರೆ ಚರಂಡಿ ಸೇರಿ ಕೆರೆ-ನದಿಗೆ ಹೋಗುತ್ತದೆ. ನಮ್ಮ ಸುತ್ತ ಇಷ್ಟು ದೊಡ್ಡ ಸರೋವರಗಳಿವೆ, ನಾವು ಕುಡಿಯುವುದು ಅದೇ ನೀರು. ಯುರೋಪಿಯನ್ ಒಕ್ಕೂಟ 2023ರ ಅಕ್ಟೋಬರ್‌ನಿಂದ ಈ ಪ್ಲಾಸ್ಟಿಕ್ ಪುಡಿ ಗ್ಲಿಟರ್ ಮಾರಾಟವನ್ನು ನಿಲ್ಲಿಸಿದೆ. ಹೊಳಪಿನ ದೃಷ್ಟಿಯಿಂದಲೂ ಅದು ಸೋಲುತ್ತದೆ. ದೂರದಿಂದ ಬರೀ ಮಂಜು ಮಂಜು, ಚಮಕಿಯ ಹಾಗೆ ಚುರುಕಾಗಿ ಮಿಂಚುವುದಿಲ್ಲ.

ಗಮ್ಮಿನಲ್ಲೂ ಹುಷಾರಾಗಿರಬೇಕು. ಥರ್ಮಕೋಲಿಗೆ ನೀರಿನ ಗಮ್ಮು ಮಾತ್ರ ಆಗುತ್ತದೆ. ಇಲ್ಲಿ ನಾನು ಬಳಸುವುದು ಅಲೀನ್ಸ್ ಟ್ಯಾಕಿ ಗ್ಲೂ. ಊರಿನಲ್ಲಾದರೆ ಬಿಳಿ ಫೆವಿಕಾಲ್. ಥಿನ್ನರ್ ವಾಸನೆ ಬರುವ ಗಮ್ಮು, ತಕ್ಷಣ ಅಂಟುವ ಸೂಪರ್ ಗ್ಲೂ, ಡಬ್ಬಿಯಿಂದ ಹೊಡೆಯುವ ಸ್ಪ್ರೇ ಪೇಂಟ್, ಇವು ಫೋಮನ್ನು ಕರಗಿಸಿ ಗುಹೆ ಮಾಡಿಬಿಡುತ್ತವೆ. ಉಗುರುಬಣ್ಣ ಕೂಡ ಅಷ್ಟೇ. ಬಣ್ಣಕ್ಕೆ ಅಕ್ರಿಲಿಕ್ ಸಾಕು, ಎರಡು ತೆಳು ಕೋಟ್. ಪಾಲಿಸ್ಟೈರೀನ್ ನೂರು ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಮೆತ್ತಗಾಗುತ್ತದೆ. ಹಾಟ್ ಗ್ಲೂ ಗನ್ ಹಿಡಿಯುವವರು ಕಡಿಮೆ ಶಾಖದ್ದನ್ನೇ ತೆಗೆದುಕೊಳ್ಳಬೇಕು. ಅದರಲ್ಲೂ ಗಮ್ಮನ್ನು ಮೊದಲು ರಿಬ್ಬನ್ನಿಗೆ ಹಚ್ಚಿ, ಒಂದು ಕ್ಷಣ ಬಿಟ್ಟು ಬಾಲ್‌ಗೆ ಒತ್ತಿ.

ಚಮಕಿ ಬಿಟ್ಟು ನನಗೆ ತುಂಬಾ ಹಿಡಿಸಿದ್ದು ರೇಷ್ಮೆ ಬಟ್ಟೆಯ ನಕ್ಷತ್ರ ಗುಂಡು. ಇಲ್ಲಿನವರು ಹತ್ತಿ ಬಟ್ಟೆಯಲ್ಲಿ ಮಾಡುತ್ತಾರೆ. ನಾನು ಅಮ್ಮನ ಹಳೆಯ ಮೈಸೂರು ಸಿಲ್ಕ್ ಸೀರೆಯಲ್ಲಿ ಹರಿದ ಭಾಗ ಬಿಟ್ಟು ಮಿಕ್ಕದ್ದನ್ನು ಬಳಸಿದೆ. ಬಟ್ಟೆಯನ್ನು ಎರಡೂವರೆ ಇಂಚಿನ ಚೌಕ ಕತ್ತರಿಸಬೇಕು. ಮೊದಲ ಚೌಕವನ್ನು ಬಾಲ್‌ನ ನೆತ್ತಿಗೆ ಹಾಸಿ ಸೂಜಿ ಹಾಕಬೇಕು. ಮುಂದಿನವನ್ನು ತ್ರಿಕೋನ ಮಡಿಸಿ, ತುದಿಗಳೆಲ್ಲ ನೆತ್ತಿಯಲ್ಲಿ ಸೇರುವಂತೆ ನಾಲ್ಕು. ಅದರ ಕೆಳಗೆ ಎಂಟು, ಬೇರೆ ಬಣ್ಣ. ಮತ್ತೆ ಎಂಟು. ಬಾಲ್ ತಿರುಗಿಸಿ ಕೆಳಗಿನ ಅರ್ಧಕ್ಕೂ ಹಾಗೇ. ನಡುವಿನ ಗೆರೆ ಮುಚ್ಚುವುದಕ್ಕೆ ಸೀರೆಯ ಸಣ್ಣ ಅಂಚು. ಸೀರೆ ನುಣುಪು ಜಾಸ್ತಿ, ಮಡಿಕೆ ಜಾರುತ್ತದೆ. ಮಡಿಸುವ ಮುಂಚೆ ಚೌಕಗಳಿಗೆ ಗಂಜಿ ಸ್ಪ್ರೇ ಹೊಡೆದು ಇಸ್ತ್ರಿ ಮಾಡಿಕೊಂಡರೆ ಹೇಳಿದ ಮಾತು ಕೇಳುತ್ತದೆ. ಜರಿ ಇರುವ ಕಡೆ ಸೂಜಿಯನ್ನು ಎಳೆಗಳ ನಡುವೆ ಹುಷಾರಾಗಿ ಇಳಿಸಬೇಕು. ಮೈಸೂರಿನ ರೇಷ್ಮೆ ಕಾರ್ಖಾನೆ ಶುರುವಾದದ್ದು 1912ರಲ್ಲಿ. ಅಲ್ಲಿಂದ ಬಂದ ಸೀರೆಯ ತುಂಡು ಮಿಶಿಗನ್‌ನ ಟ್ರೀ ಮೇಲೆ ತೂಗುವುದನ್ನು ವಿಡಿಯೋ ಕಾಲ್‌ನಲ್ಲಿ ನೋಡಿ ಅಮ್ಮನಿಗೆ ಖುಷಿಯಾಯಿತು. "ಪೆಟ್ಟಿಗೆಯಲ್ಲಿ ಕೊಳೆಯೋ ಬದಲು ಇದು ವಾಸಿ ಕಣೆ" ಅಂದರು. ಈ ಗುಂಡಿಗೂ ನುಣುಪು ಬಾಲ್ ಬೇಕೇ ಬೇಕು. ಮಡಿಕೆ ಮಡಿಕೆಗೂ ಸೂಜಿ ಬೀಳುತ್ತದೆ, ಒರಟು ಬಾಲ್ ಅಷ್ಟು ಚುಚ್ಚಿಸಿಕೊಂಡರೆ ಒಳಗೇ ಪುಡಿಯಾಗುತ್ತದೆ.

ಇನ್ನು ಒಡವೆ. ಅರ್ಧ, ಮುಕ್ಕಾಲು ಇಂಚಿನ ಸಣ್ಣ ಬಾಲ್‌ನಲ್ಲಿ ಓಲೆ ಚೆನ್ನಾಗಿ ಬರುತ್ತವೆ. ರೇಷ್ಮೆ ದಾರದ ಜುಮ್ಕಿ ಮಾಡಿದವರಿಗೆ ಇದು ಗೊತ್ತಿರುವ ಕೆಲಸವೇ. ಬಾಲ್‌ನ ನಡುವೆ ಬಿದಿರು ಕಡ್ಡಿ ತೂರಿಸಿ ತೂತು ಮಾಡಿ. ಸೂಜಿ ಕಾಯಿಸಿ ತೂತು ಮಾಡಬೇಡಿ, ಬರುವ ಹೊಗೆ ಒಳ್ಳೆಯದಲ್ಲ. ತೂತಿನೊಳಗೆ ಕಾಫಿ ಕಲಕುವ ತೆಳು ಸ್ಟ್ರಾ ಒಂದು ತುಂಡು ಗಮ್ಮು ಹಚ್ಚಿ ಕೂರಿಸಿ. ಇದನ್ನು ಮಾಡದೆ ನೇರ ತಂತಿ ಹಾಕಿದರೆ ತಂತಿ ಫೋಮನ್ನು ಕೊಯ್ದು ತೂತು ಅಗಲವಾಗುತ್ತದೆ, ಬಾಲ್ ಜೋತುಬೀಳುತ್ತದೆ. ಆಮೇಲೆ ದಾರ ಸುತ್ತಿ ಅಂಟಿಸಿ. ನಡುವಿಗೆ ಒಂದು ಸುತ್ತು ಸ್ಟೋನ್ ಚೈನ್ (ಹರಳು ಕೂರಿಸಿದ ಸಣ್ಣ ಸರಪಳಿ), ಮೇಲೆ ಕೆಳಗೆ ಬೀಡ್ ಕ್ಯಾಪ್ (ಬಟ್ಟಲಿನಂಥ ಪುಟ್ಟ ಟೋಪಿ), ಹೆಡ್ ಪಿನ್ (ಒಂದು ತುದಿಗೆ ತಲೆ ಇರುವ ತಂತಿ) ತೂರಿಸಿ ಕೊಕ್ಕೆ ಹಾಕಿದರೆ ಮುಗಿಯಿತು. ಕ್ಯಾಪು, ಸ್ಟೋನ್ ಚೈನು ನಾನು ಬೆಂಗಳೂರಿಗೆ ಹೋದಾಗ ಮಾಮೂಲ್‌ಪೇಟೆಯಿಂದ ತರುತ್ತೇನೆ. ಇಲ್ಲಿ ಸಿಗುವುದಕ್ಕಿಂತ ನೂರು ಬಗೆ ಜಾಸ್ತಿ.

ಓಲೆಯ ದೊಡ್ಡ ಗುಣ ಹಗುರ. ಬಾಲ್ ಒಂದು ಗ್ರಾಂ ಕೂಡ ತೂಗುವುದಿಲ್ಲ, ತೂಕವೆಲ್ಲ ಕ್ಯಾಪು-ಕೊಕ್ಕೆಯದ್ದೇ. ಅತ್ತೆಗೆ ಭಾರದ ಓಲೆ ಹಾಕಿ ಹಾಕಿ ಕಿವಿ ತೂತು ಜಗ್ಗಿದೆ. ಈಗ ಕನ್ನಡ ಕೂಟದ ಕಾರ್ಯಕ್ರಮಕ್ಕೆ ಮರೂನ್ ದಾರದ ಈ ದೊಡ್ಡ ಗುಂಡೋಲೆಯನ್ನೇ ಕೇಳಿ ಹಾಕಿಕೊಳ್ಳುತ್ತಾರೆ. ಇಡೀ ಸಂಜೆ ಹಾಕಿದರೂ ನೋವಿಲ್ಲ.

ಸರಕ್ಕೆ ಮಾತ್ರ ನಾನು ಬೇಡ ಅನ್ನುತ್ತೇನೆ. ಕತ್ತಿನ ಬೆವರು ತಾಗಿ ದಾರದ ಅಂಟು ಬಿಡುತ್ತದೆ. ಕೋಟಿನ ಕಾಲರ್ ಅಡಿಯಲ್ಲಿ ಒತ್ತಿಕೊಂಡು ಬಾಲ್ ಒಂದು ಪಕ್ಕ ಚಪ್ಪಟೆ ಆಗುತ್ತದೆ. ಬಳೆ, ಉಂಗುರದ ಯೋಚನೆಯೇ ಬೇಡ, ಮೇಜಿಗೆ ಒಂದು ಸಲ ತಗುಲಿದರೆ ಗುಳಿ ಬಿದ್ದಂತೆ. ಚಮಕಿಯನ್ನು ಸೂಜಿಯಲ್ಲಿ ಚುಚ್ಚಿದ ಗುಂಡನ್ನಂತೂ ಮೈಮೇಲೆ ಹಾಕಿಕೊಳ್ಳಲೇಬಾರದು. ಸೂಜಿ ಹೊರಬಂದರೆ ಅಪಾಯ. ಒಡವೆಗೆ ದಾರ, ಗಮ್ಮು, ಅಷ್ಟೇ.

ಕರ್ನಾಟಕದಲ್ಲಿ ಓದುತ್ತಿರುವವರಿಗೆ ಒಂದು ವಿಷಯ ಹೇಳಲೇಬೇಕು. ಭಾರತದಲ್ಲಿ 2022ರ ಜುಲೈ 1ರಿಂದ ಅಲಂಕಾರಕ್ಕೆ ಬಳಸುವ ಥರ್ಮಕೋಲ್ ನಿಷೇಧ ಆಗಿದೆ. ಮಾಡುವುದು, ಮಾರುವುದು, ಬಳಸುವುದು ಮೂರೂ ಅದರಲ್ಲಿ ಸೇರಿದೆ. ಆದ್ದರಿಂದ ನಾನು ಹೊಗಳಿದ್ದನ್ನು ನೋಡಿ ಅಲ್ಲಿ ಥರ್ಮಕೋಲ್ ಬಾಲ್ ಹುಡುಕಬೇಡಿ. ಅಲ್ಲಿಗೆ ತಕ್ಕ ಉಪಾಯ ಇದೆ. ಹಳೆಯ ನ್ಯೂಸ್ ಪೇಪರನ್ನು ಬಿಗಿಯಾಗಿ ಉಂಡೆ ಮಾಡಿ, ಮೇಲೆ ಬಟ್ಟೆ ಚೂರು ಸುತ್ತಿ, ಅದರ ಮೇಲೆ ಹತ್ತಿ ದಾರವನ್ನು ಎಲ್ಲಾ ದಿಕ್ಕಿಗೂ ಎಳೆದು ಸುತ್ತಿ. ಜಪಾನಿನ ತೆಮಾರಿ ಚೆಂಡುಗಳನ್ನು ಹಳೆಯ ಬಟ್ಟೆ ಚೂರಿನಿಂದ ಮಾಡುತ್ತಿದ್ದದ್ದೂ ಹೀಗೇ. ಒಂದು ಮಾಡಿ ನೋಡಿದೆ. ತೂಕ ಜಾಸ್ತಿ, ಪೂರ್ತಿ ದುಂಡಗೆ ಬರುವುದಕ್ಕೆ ತಾಳ್ಮೆ ಬೇಕು. ಸೂಜಿ ಮಾತ್ರ ಥರ್ಮಕೋಲಿಗಿಂತ ಗಟ್ಟಿ ನಿಂತಿತು. ಬಾಗಿಲ ತೋರಣಕ್ಕೆ, ಗೊಂಬೆ ಹಂತದ ಪಕ್ಕ ತೂಗುಬಿಡುವುದಕ್ಕೆ ಧಾರಾಳವಾಗಿ ಆಗುತ್ತದೆ.

ಇಲ್ಲಿನವರೂ ಬಾಲ್ ಅನ್ನು ಒಂದು ಸಲ ಬಳಸಿ ಕಸಕ್ಕೆ ಹಾಕುವ ವಸ್ತು ಅಂತ ನೋಡಬೇಡಿ. ಬಣ್ಣ ಬೇಜಾರಾದರೆ ಸೂಜಿ, ಚಮಕಿ, ಮಣಿ ಬಿಚ್ಚಿ ಡಬ್ಬಕ್ಕೆ ಹಾಕಿಕೊಳ್ಳಿ, ಅದೇ ಬಾಲ್‌ಗೆ ಬಟ್ಟೆ ಮಡಿಸಿ ಹೊಸ ಗುಂಡು ಮಾಡಿ. ಇನ್ನೊಂದು, ದೀಪದ ಹತ್ತಿರ ಇವನ್ನು ಕಟ್ಟಲೇಬೇಡಿ. ಪಾಲಿಸ್ಟೈರೀನ್ ಬೇಗ ಹತ್ತಿಕೊಳ್ಳುತ್ತದೆ, ಕಪ್ಪು ಹೊಗೆ ಬಿಟ್ಟುಕೊಂಡು ಉರಿಯುತ್ತದೆ. ದೀಪಾವಳಿಗೆ ನಮ್ಮ ಮನೆಯಲ್ಲಿ ಹಣತೆ ಹೊರಗಿನ ಮೆಟ್ಟಿಲ ಮೇಲೆ, ಗುಂಡುಗಳು ಒಳಗೆ ಕಿಟಕಿಗೆ. ಮೂರು ವರ್ಷದೊಳಗಿನ ಮಕ್ಕಳಿದ್ದರೆ ಸೂಜಿ ಗುಂಡನ್ನು ಟ್ರೀಯ ಮೇಲಿನ ಕೊಂಬೆಗೆ ಮಾತ್ರ ಕಟ್ಟಿ.

ಎಲ್ಲಿ ಕೊಳ್ಳುವುದು ಅನ್ನುವುದು ಈಗ ಸ್ವಲ್ಪ ಬದಲಾಗಿದೆ. ನನಗೆ ಇಷ್ಟವಾಗಿದ್ದ, ಬಟ್ಟೆ-ಕರಕುಶಲ ಸಾಮಾನು ಮಾರುವ ಜೋಆನ್ ಅಂಗಡಿಗಳು 2025ರ ಮೇ ತಿಂಗಳ ಹೊತ್ತಿಗೆ ಎಲ್ಲಾ ಕಡೆ ಮುಚ್ಚಿಹೋದವು. ಬಟ್ಟೆ ಕತ್ತರಿಸಿ ಕೊಡುವ ಮೇಜಿನ ಹಿಂದಿನ ಹೆಂಗಸರಿಗೆ ಯಾವ ಸೂಜಿ ಯಾವುದಕ್ಕೆ ಅಂತ ಗೊತ್ತಿತ್ತು. ಆ ಹೆಸರನ್ನು ಈಗ ಮೈಕಲ್ಸ್ ಅನ್ನುವ ಇನ್ನೊಂದು ಕರಕುಶಲ ಅಂಗಡಿ ಕೊಂಡುಕೊಂಡಿದೆ. ನಾನು ಬಾಲ್ ತರುವುದು ಮೈಕಲ್ಸ್ ಇಲ್ಲವೇ ಹಾಬಿ ಲಾಬಿಯಿಂದ. ಬಾಲ್ ಅನ್ನು ಅಂಗಡಿಗೇ ಹೋಗಿ ಒತ್ತಿ ನೋಡಿ ತನ್ನಿ, ಆನ್‌ಲೈನಿನಲ್ಲಿ ಬೇಡ. ಡಿಸೆಂಬರ್‌ಗೆ ಕಾಯಬೇಡಿ, ಸಣ್ಣ ಅಳತೆಗಳು ಬೇಗ ಖಾಲಿಯಾಗುತ್ತವೆ. ಚಮಕಿ, ಮಣಿ, ಸೂಜಿಯನ್ನು ಕ್ರಿಸ್ಮಸ್ ಮುಗಿದ ವಾರ ರಿಯಾಯಿತಿಯಲ್ಲಿ ತಂದಿಟ್ಟುಕೊಳ್ಳಿ, ಅವು ಕೆಡುವುದಿಲ್ಲ.

ಫ್ಲೋರಾಕ್ರಾಫ್ಟ್ ನುಣುಪು ಬಾಲ್‌ಗೆ ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಅರ್ಧ ಕಳೆದದ್ದು ಪ್ಯಾಕೆಟ್ಟಿನ ಪ್ಲಾಸ್ಟಿಕ್ಕಿಗೆ. ಅಷ್ಟು ಗಟ್ಟಿ ಬಾಲ್‌ಗೆ ಒಂದು ರಟ್ಟಿನ ಪೆಟ್ಟಿಗೆ ಸಾಕಿತ್ತು, ಆಮೇಲೆ ಅದೇ ಪೆಟ್ಟಿಗೆಯಲ್ಲಿ ಗುಂಡುಗಳನ್ನು ಎತ್ತಿಡಬಹುದಿತ್ತು.